ಹತ್ತಿರದ ತಟ್ಟೆ, ದೂರದ ತಟ್ಟೆ

ನಮ್ಮ ಶಾಲೆಯಲ್ಲಿ ಆಹಾರ ಮತ್ತು ಪರಿಸರದ ಪಾಠ ಮಾಡುವ ಮೇಡಂಗೆ ಒಂದು ಅಭ್ಯಾಸವಿದೆ. ಯಾರಾದರೂ ಬುದ್ಧಿವಂತಿಕೆಯ ಮಾತಾಡಿದರೆ ಸೀಮೆಸುಣ್ಣ ಕೆಳಗಿಟ್ಟು, ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸಿಕೊಂಡು, "ಒಳ್ಳೆ ಪ್ರಶ್ನೆ" ಅನ್ನುತ್ತಾರೆ. ಈ ವರ್ಷ ಆ ಮಾತು ಕ್ಲಾಸಿನ ಹೆಚ್ಚುಕಡಿಮೆ ಎಲ್ಲರಿಗೂ ಸಿಕ್ಕಿದೆ. ಕೊನೆಯ ಬೆಂಚಿನಲ್ಲಿ ನಿದ್ದೆ ಹೊಡೆಯುವ ಗೊರಕೆರಾಯನಿಗೂ ಸಿಕ್ಕಿದೆ. ಅವನು ಒಂದು ದಿನ ಎಚ್ಚರಾಗಿ, "ಮೇಡಂ, ಹುಳ ಇರೋ ಹಣ್ಣು ತಿಂದ್ರೆ ಹುಳದ ಸತ್ವಾನೂ ನಮಗೇ ಸಿಗುತ್ತಾ?" ಅಂತ ಕೇಳಿದ್ದ. ನನಗೆ ಮಾತ್ರ ಇನ್ನೂ ಸಿಕ್ಕಿಲ್ಲ. ಯಾಕೆಂದರೆ ಆ ಮೇಡಂ ನನ್ನ ಅಮ್ಮ.

ಅವಳ ಕ್ಲಾಸಿಗೆ ನಾನು ಬಂದ ದಿನವೇ ಕಾನೂನು ಮಾಡಿದ್ದಳು. "ನೋಡು, ಗೇಟಿನ ಒಳಗೆ ನಾನು ಅಮ್ಮ ಅಲ್ಲ, ಹೊರಗೆ ಮೇಡಂ ಅಲ್ಲ. ನಾಳೆ ಯಾರೂ ಬಾಯಿ ಬಿಡಬಾರದು, ತಾಯಿ ಮಗಳನ್ನ ಮೆರೆಸ್ತಾಳೆ ಅಂತ." ಅದಕ್ಕೇ ನನಗೆ ಮುಂದಿನ ಸಾಲು ಇಲ್ಲ. ನನ್ನ ಉತ್ತರಪತ್ರಿಕೆಯನ್ನು ಎರಡು ಸಲ ತಿದ್ದುತ್ತಾರೆ, ಮೊದಲ ಸಲ ಟೀಚರ್ ಆಗಿ, ಎರಡನೇ ಸಲ ಶತ್ರುವಾಗಿ. ನಾನು ಕೈ ಎತ್ತಿದರೆ ಅವರ ಕಣ್ಣು ನನ್ನ ತಲೆಯ ಮೇಲಿಂದ ಹಾದು ಗೋಡೆಯ ಗಡಿಯಾರಕ್ಕೆ ಹೋಗಿ ನಿಲ್ಲುತ್ತದೆ.

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಹತ್ತಿರ ಬೆಳೆದದ್ದೇ ಶ್ರೇಷ್ಠ ಅಂತ ವರ್ಷವಿಡೀ ಬೋರ್ಡಿನ ಮೇಲೆ ಬರೆಯುವವರಿಗೆ ಮನೆಯಲ್ಲೇ ಬೆಳೆದ ನಾನು ಕಾಣುವುದಿಲ್ಲ.

ಕಾಣುವವಳು ಚಿಗುರು. ಅದು ಅವಳ ನಿಜವಾದ ಹೆಸರಲ್ಲ, ಅಮ್ಮ ಇಟ್ಟದ್ದು. ವರ್ಷದ ಮೊದಲ ವಾರ ಎಲ್ಲರೂ ಕಾಗದದ ಲೋಟದಲ್ಲಿ ಕಾಳು ನೆಟ್ಟಾಗ ಮೊದಲು ಮೊಳಕೆ ಬಂದದ್ದು ಅವಳ ಲೋಟದಲ್ಲಿ. "ಬಾರಮ್ಮ ಚಿಗುರು" ಅಂದರು ಮೇಡಂ, ಅಷ್ಟೇ, ಹೆಸರು ಅಂಟಿಕೊಂಡಿತು. ನನ್ನ ಲೋಟದಲ್ಲೂ ಮೊಳಕೆ ಬಂದಿತ್ತು, ಅದೇ ದಿನ ಮಧ್ಯಾಹ್ನ. ಮಧ್ಯಾಹ್ನದ ಮೊಳಕೆಗೆ ಯಾರೂ ಹೆಸರಿಡುವುದಿಲ್ಲ. ಮನೆಯಲ್ಲಿ ಅಮ್ಮ ನನ್ನನ್ನು ಕರೆಯುವುದು "ಏ ಮಹರಾಯ್ತಿ" ಅಂತ.

ಶನಿವಾರ ಅವಳು ನಮ್ಮ ಮನೆಗೇ ಬರುತ್ತಾಳೆ. ತರಕಾರಿ ಸಿಪ್ಪೆಯನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ತರುತ್ತಾಳೆ. ಯಾರಾದರೂ ಇನ್ನೊಬ್ಬರ ಮನೆಗೆ ಸಿಪ್ಪೆ ತೆಗೆದುಕೊಂಡು ಹೋಗುತ್ತಾರೆಯೇ? ಅದನ್ನು ಅಮ್ಮ ಬಂಗಾರದ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡು ಬಾಲ್ಕನಿಯ ಗೊಬ್ಬರದ ಡ್ರಮ್ಮಿಗೆ ಹಾಕುತ್ತಾಳೆ. ಆಮೇಲೆ ಇಬ್ಬರೂ ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ಮಾತಾಡುತ್ತಾರೆ. ಚಿಗುರು ಕೂರುವುದು ನನ್ನ ಕುರ್ಚಿಯಲ್ಲಿ. ಅದರ ಒಂದು ಕಾಲು ಗಿಡ್ಡ, ಅಲುಗಾಡಿಸಿದರೆ ಟಕ್ ಟಕ್ ಅನ್ನುತ್ತದೆ. ನಾನು ಅಲುಗಾಡಿಸಿದರೆ ಅಮ್ಮನಿಗೆ ತಲೆನೋವು. ಅವಳು ಅಲುಗಾಡಿಸಿದರೆ ಅಮ್ಮ, "ಪಾಪ, ಸರಿಯಾಗಿ ಕೂತ್ಕೊ ಮಗು, ಬಿದ್ದೀಯ" ಅನ್ನುತ್ತಾಳೆ. ನಾನು ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದುಕೊಂಡು ಆ ಟಕ್ ಟಕ್ ಕೇಳುತ್ತೇನೆ. ಹೊಟ್ಟೆಯಲ್ಲಿ ಬೆಂಕಿ ಬೀಳುವುದು ಅಂದರೆ ಏನು ಅಂತ ನನಗೆ ಯಾರೂ ವಿವರಿಸಬೇಕಾಗಿಲ್ಲ.

ನನ್ನ ಅಪ್ಪ ಲಾರಿ ಓಡಿಸುತ್ತಾನೆ, ಒಳಗೆಲ್ಲ ಫ್ರಿಜ್ಜಿನ ಹಾಗೆ ತಣ್ಣಗಿರುವ ದೊಡ್ಡ ಲಾರಿ. ಬಿಸಿಲಿನ ಸೀಮೆಯಿಂದ ತರಕಾರಿ ತುಂಬಿಕೊಂಡು ನಮ್ಮ ಚಳಿಯ ಊರಿಗೆ ಬರುತ್ತಾನೆ. ಅಂದರೆ ಅಮ್ಮ ಕ್ಲಾಸಿನಲ್ಲಿ "ದೂರದಿಂದ ಬರೋ ಪ್ರತಿಯೊಂದು ಹಣ್ಣೂ ಭೂಮಿಗೆ ಭಾರ" ಅಂತ ಹೇಳುವಾಗ ಆ ಭಾರ ಹೊತ್ತು ತರುವವನು ನಮ್ಮ ಮನೆಯ ಸೋಫಾದ ಮೇಲೆ ಕಾಲು ಚಾಚಿ ಮಲಗಿರುತ್ತಾನೆ. ಅವನು ತಂದ ಟೊಮೆಟೊ ನಮ್ಮ ಸಾರಿನಲ್ಲಿ ಬೇಯುತ್ತಿರುತ್ತದೆ.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರೆ. ನಮ್ಮನೇಲಿ ಬದನೆಕಾಯಿ ಬದ್ಲು ಟೊಮೆಟೊ" ಅಂತ ಅಪ್ಪ ರೇಗಿಸಿದರೆ ಅಮ್ಮ, "ತಂದದ್ದನ್ನ ಎಸೆಯೋಕಾಗುತ್ತಾ? ಎಸೆಯೋದು ಇನ್ನೂ ದೊಡ್ಡ ಪಾಪ" ಅಂತ ಎರಡನೇ ಸೌಟು ಬಡಿಸುತ್ತಾಳೆ.

ನನಗೆ ನಿಜವಾಗಿಯೂ ಸಂಶಯವಿತ್ತು. ನಮ್ಮ ಊರಿನ ಚಳಿಯಲ್ಲಿ ಹತ್ತಿರದ ತೋಟದವರು ಟೊಮೆಟೊ ಬೆಳೆಯುವುದು ಗಾಜಿನ ಮನೆಯೊಳಗೆ, ಹಗಲೂ ರಾತ್ರಿ ಹೀಟರ್, ದೀಪ ಹಾಕಿ. ಹೊರಗಿನಿಂದ ನೋಡಿದರೆ ಸಾಯಂಕಾಲ ಆ ಗಾಜಿನ ಮನೆ ಮದುವೆ ಮನೆಯ ಹಾಗೆ ಝಗಝಗ ಅನ್ನುತ್ತಿರುತ್ತದೆ. ಆ ವಿದ್ಯುತ್ತೆಲ್ಲ ಭೂಮಿಗೆ ಭಾರವಲ್ಲವೇ? ಬಿಸಿಲಿನಲ್ಲಿ ತಾನಾಗಿ ಹಣ್ಣಾಗಿ, ತುಂಬಿದ ಲಾರಿಯಲ್ಲಿ ಸಾವಿರಾರು ಅಣ್ಣತಮ್ಮಂದಿರ ಜೊತೆ ಬಂದ ಹಣ್ಣಿನ ಪಾಲಿಗೆ ಎಷ್ಟು ಭಾರ ಬಂದೀತು? ನಾನು ಇದನ್ನು ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದೆ. ಚೆನ್ನಾಗಿಯೇ ಕೇಳಿದೆ, ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಹೋಗಿದ್ದೆ.

ಮೇಡಂ ಗಡಿಯಾರ ನೋಡಿದರು. "ಅದು ಈ ಪಾಠದಲ್ಲಿಲ್ಲ. ಅಧಿಕಪ್ರಸಂಗ ಬೇಡ, ಕೂತ್ಕೊ."

ನಾನು ಇನ್ನೂ ಪೂರ್ತಿ ಕೂತಿರಲಿಲ್ಲ, ಮುಂದಿನ ಸಾಲಿನಿಂದ ಚಿಗುರು ಕೈ ಎತ್ತಿದಳು. "ಮೇಡಂ, ಹತ್ತಿರದ ಹಣ್ಣಿಗೆ ರುಚಿ ಯಾಕೆ ಜಾಸ್ತಿ ಇರುತ್ತೆ?"

ಸೀಮೆಸುಣ್ಣ ಕೆಳಗಿಳಿಯಿತು. ಕನ್ನಡಕ ಮೇಲೇರಿತು. "ಒಳ್ಳೆ ಪ್ರಶ್ನೆ!"

ಅದರಲ್ಲಿ ಪ್ರಶ್ನೆ ಎಲ್ಲಿತ್ತು ಸ್ವಾಮಿ? ರುಚಿ ಜಾಸ್ತಿ ಅಂತ ಯಾರು ತಿಂದು ನೋಡಿದ್ದರು? ನನ್ನದು ಸಂಶಯವೋ ಹೊಟ್ಟೆಕಿಚ್ಚೋ ಅಂತ ಕೇಳಿದರೆ, ಎರಡೂ ಒಂದೇ ಒಲೆಯ ಮೇಲೆ ಬೇಯುತ್ತಿದ್ದವು. ಆದರೆ ಹೊಟ್ಟೆಕಿಚ್ಚಿನವಳು ಕೇಳಿದಳು ಅಂದ ಮಾತ್ರಕ್ಕೆ ಪ್ರಶ್ನೆ ತಪ್ಪಾಗುತ್ತದೆಯೇ?

ಮುಂದಿನ ವಾರ ತಿಂದೇ ನೋಡೋಣ ಅಂದರು ಮೇಡಂ. ಎರಡು ತಟ್ಟೆ, ಒಂದರಲ್ಲಿ ಹತ್ತಿರದ ಟೊಮೆಟೊ, ಇನ್ನೊಂದರಲ್ಲಿ ದೂರದ್ದು.

ಆ ದಿನ ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ತೋಟದವರ ಗಾಡಿ ನಿಲ್ಲುವ ಮೂಲೆಗೆ ಹೋದೆವು. ಗಾಡಿ ಬಂದಿರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಕಾದು, ಕೈಗಡಿಯಾರ ನೋಡಿ, ಎದುರಿನ ಅಂಗಡಿಗೆ ನುಗ್ಗಿ ಒಂದೇ ಬುಟ್ಟಿಯಿಂದ ಒಂದು ಚೀಲ ಟೊಮೆಟೊ ಆರಿಸಿದಳು. ಲಾರಿಯಲ್ಲಿ ಬಂದ ಹಣ್ಣು. ಚೀಲ ಹೊತ್ತದ್ದು ನಾನು. ಇವತ್ತು ಪ್ರಯೋಗ ಇಲ್ಲ ಅಂತ ಹೇಳುತ್ತಾಳೆ ಅಂದುಕೊಂಡೆ.

ಕ್ಲಾಸಿನಲ್ಲಿ ಮೇಡಂ ಆ ಚೀಲದ ಅರ್ಧವನ್ನು ಒಂದು ತಟ್ಟೆಗೆ ಹೆಚ್ಚಿದರು, ಇನ್ನರ್ಧವನ್ನು ಇನ್ನೊಂದಕ್ಕೆ. ಒಂದರ ಮುಂದೆ "ಹತ್ತಿರ" ಅಂತ ಚೀಟಿ, ಇನ್ನೊಂದರ ಮುಂದೆ "ದೂರ". ನನ್ನ ಕಡೆ ನೋಡಲಿಲ್ಲ. ಎಲ್ಲರೂ ಸಾಲಾಗಿ ಬಂದು ಎರಡನ್ನೂ ತಿಂದರು. ಚಿಗುರು "ಹತ್ತಿರ"ದ ಹೋಳನ್ನು ಬಾಯಲ್ಲಿಟ್ಟುಕೊಂಡು, ತಲೆ ವಾಲಿಸಿ, "ಮೇಡಂ, ಇದರಲ್ಲಿ ಮಣ್ಣಿನ ಘಮ ಇದೆ!" ಅಂದಳು. ಆಮೇಲೆ ಬಂದವರಿಗೆಲ್ಲ ಮಣ್ಣಿನ ಘಮ ಬಂತು. ಗೊರಕೆರಾಯನಿಗೆ ಮಳೆಯ ಘಮವೂ ಬಂತು.

ನನಗೆ ನಗು ತಡೆಯಲಾಗಲಿಲ್ಲ. "ಮೇಡಂ, ಕಣ್ಣು ಮುಚ್ಚಿಕೊಂಡು ತಿಂದು ಹೇಳಲಿ ನೋಡೋಣ" ಅಂದೆ. ಕ್ಲಾಸು ತಿರುಗಿ ನನ್ನನ್ನು ನೋಡಿತು. ಚಿಗುರಿನ ಮುಖ ಟೊಮೆಟೊ ಬಣ್ಣಕ್ಕೆ ತಿರುಗಿತು. ಮೇಡಂ ತಟ್ಟೆಗಳನ್ನು ಎತ್ತಿಟ್ಟು, "ಟೈಮ್ ಆಯ್ತು" ಅಂದರು. ಗಂಟೆ ಇನ್ನೂ ಹೊಡೆದಿರಲಿಲ್ಲ.

ಸಂಜೆ ಗೇಟು ದಾಟಿದ ಕೂಡಲೇ ಕೇಳಿದೆ. "ಅಮ್ಮ, ಎರಡೂ ಒಂದೇ ಚೀಲದ್ದು."

"ಗೊತ್ತು."

"ಮತ್ತೆ?"

"ಎಲ್ಲ ಕಾಯ್ಕೊಂಡು ಕೂತಿದ್ರು ಕಣೇ. ಸುಮ್ನೆ ಹೇಗೆ ಮಾಡೋದು ಅಂತ ತೋರಿಸೋಣ, ಕೊನೇಲಿ ನಿಜ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಎಲ್ಲರೂ ಮಣ್ಣಿನ ಘಮ ಅಂದ್ಬಿಟ್ರು." ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ಆ ಮಗು ಅಷ್ಟು ಖುಷಿಯಾಗಿತ್ತು."

ಆ ಮಗು! ನಾನು ರಸ್ತೆಯ ಇನ್ನೊಂದು ಬದಿಗೆ ದಾಟಿ ನಡೆದೆ. ಅವಳ ಖುಷಿ ಹಾಳಾಗಬಾರದು ಅಂತ ಅಮ್ಮ ಇಡೀ ಕ್ಲಾಸಿಗೆ ಸುಳ್ಳು ಹೇಳಿದ್ದಳು. ನನ್ನ ಖುಷಿ ಎಂದಾದರೂ ಅವಳ ನಿಯಮವನ್ನು ಒಂದು ಕೂದಲಿನಷ್ಟು ಬಗ್ಗಿಸಿದೆಯೇ? ಅಮ್ಮ ತಪ್ಪು ಮಾಡಿದಳು ಅನ್ನುವುದಕ್ಕಿಂತ ಯಾರಿಗಾಗಿ ಮಾಡಿದಳು ಅನ್ನುವುದೇ ನನ್ನನ್ನು ಸುಟ್ಟಿತು.

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ, ಈ ಸುಳ್ಳು ಮಾತ್ರ ನೇರವಾಗಿ ಹೆಡ್ಮಾಸ್ಟರ ಕೋಣೆಗೆ ನಡೆದು ಹೋಯಿತು. ಪ್ರಯೋಗದ ಕಥೆ ಕೇಳಿ ಅವರಿಗೆ ಬಹಳ ಹಿಡಿಸಿತಂತೆ. ಪೋಷಕರೆಲ್ಲ ಶಾಲೆ ನೋಡಲು ಬರುವ ದಿನ ಸಭಾಂಗಣದಲ್ಲಿ ಇದನ್ನೇ ಮಾಡಿ ಅಂದರು. ಮೇಡಂ ಪಕ್ಕದಲ್ಲಿ ನಿಂತು ಮೊದಲು ರುಚಿ ನೋಡಿ ಹೇಳುವವಳು ಯಾರು? ಕೇಳುವುದೇನು ಬಂತು.

"ನೀನು ಒಳಗೆ ಕೂತು ಹೆಚ್ಚಿಡು" ಅಂದಳು ಅಮ್ಮ ನನಗೆ. "ಈ ಸಲ ನಿಜವಾದ ಹಣ್ಣು. ತೋಟದ್ದು ನಾನು ನಿನ್ನೇನೇ ತಂದಿದ್ದೀನಿ, ದೂರದ್ದು ಅಪ್ಪ ತಂದಿದ್ದಾನೆ. ಬೆರೆಸಬೇಡ ಮತ್ತೆ. ನಿನ್ನ ನಂಬಿದ್ದೀನಿ."

ಸಭಾಂಗಣದ ಪಕ್ಕದ ಚಿಕ್ಕ ಕೋಣೆಯಲ್ಲಿ, ಮುರಿದ ಕುರ್ಚಿಗಳ ಮಧ್ಯೆ ಕೂತು ನಾನು ಹೆಚ್ಚಿದೆ. ಬಾಗಿಲ ಸಂದಿಯಿಂದ ವೇದಿಕೆ ಕಾಣುತ್ತಿತ್ತು. ಅಮ್ಮ ಚಿಗುರಿನ ಕಾಲರ್ ಸರಿ ಮಾಡುತ್ತಿದ್ದಳು. ಮಾಡಿ, ಕೆನ್ನೆ ತಟ್ಟಿದಳು. ಬೆಳಿಗ್ಗೆ ನನ್ನ ಕಾಲರ್ ಒಳಕ್ಕೆ ಮಡಚಿಕೊಂಡಿದ್ದನ್ನು ನಾನೇ ಬಸ್ಸಿನ ಕಿಟಕಿಯಲ್ಲಿ ನೋಡಿ ಸರಿ ಮಾಡಿಕೊಂಡಿದ್ದೆ.

ಎರಡು ಬಿಳಿ ತಟ್ಟೆ. ಸಣ್ಣಗೆ ಹೆಚ್ಚಿ ಉಪ್ಪು ಉದುರಿಸಿದ ಮೇಲೆ ಎರಡೂ ಟೊಮೆಟೊ ಒಂದೇ ಥರ ಕಾಣುತ್ತಿದ್ದವು. ನಾನು "ಹತ್ತಿರ"ದ ಚೀಟಿಯ ಹಿಂದೆ ಅಪ್ಪನ ಲಾರಿಯದನ್ನು ಇಟ್ಟೆ. "ದೂರ"ದ ಹಿಂದೆ ತೋಟದ್ದನ್ನು. ಅವಳು ಎಲ್ಲರ ಮುಂದೆ ಲಾರಿಯ ಹಣ್ಣನ್ನು ತಿಂದು ಮಣ್ಣಿನ ಘಮ ಅನ್ನಲಿ. ಆಗ ನಾನು ಒಳಗಿನಿಂದ ಬಂದು, "ಕ್ಷಮಿಸಿ, ತಟ್ಟೆ ಅದಲುಬದಲಾಗಿದೆ" ಅಂತ ತಣ್ಣಗೆ ಹೇಳುತ್ತೇನೆ. ಅವಳ ಮುಖ ನೋಡಬೇಕು! ಯೋಚಿಸಿದರೇ ಬಾಯಲ್ಲಿ ನೀರೂರಿತು.

ತಟ್ಟೆಗಳು ಮೇಜಿನ ಮೇಲೆ ಹೋದವು. ಪೋಷಕರು ತುಂಬಿದ್ದರು. ಹಿಂದಿನ ಸಾಲಿನಲ್ಲಿ ಅಪ್ಪ, ಲಾರಿಯನ್ನು ಗೇಟಿನ ಹೊರಗೆ ನಿಲ್ಲಿಸಿ ಕೆಲಸದ ಜಾಕೆಟ್ಟಿನಲ್ಲೇ ಬಂದಿದ್ದ. ಚಿಗುರು "ಹತ್ತಿರ"ದ ಹೋಳು ತಿಂದಳು. "ದೂರ"ದ್ದು ತಿಂದಳು. ಮತ್ತೆ ಮೊದಲನೆಯದು ತಿಂದಳು. ತಲೆ ವಾಲಿಸಲಿಲ್ಲ.

"ಮೇಡಂ, ನನಗೆ ವ್ಯತ್ಯಾಸ ಗೊತ್ತಾಗ್ತಿಲ್ಲ."

ಅವಳು ಎರಡೂ ತಟ್ಟೆಗಳನ್ನು ಮೇಡಂ ಕಡೆ ಸರಿಸಿದಳು.

"ಅವತ್ತೂ ಗೊತ್ತಾಗಿರಲಿಲ್ಲ. ಚೀಟಿ ನೋಡಿ ಹೇಳಿದ್ದೆ. ಕಣ್ಣು ಮುಚ್ಚಿಕೊಂಡು ತಿನ್ನಲಿ ಅಂತ ನಿಮ್ಮ... ಅಂತ ಅವಳು ಹೇಳಿದ್ಳಲ್ಲ, ಆಮೇಲೆ ಮನೇಲಿ ಹಾಗೇ ಮಾಡಿ ನೋಡ್ದೆ. ಆಗ್ಲೂ ಗೊತ್ತಾಗ್ಲಿಲ್ಲ."

ಬಾಗಿಲ ಸಂದಿಯಲ್ಲಿ ನಾನು ಕಲ್ಲಾಗಿ ನಿಂತೆ. ಅಮ್ಮನನ್ನು ತೆಗೆದುಕೊಂಡಳು, ಕುರ್ಚಿಯನ್ನು ತೆಗೆದುಕೊಂಡಳು, ಹೋಗಲಿ. ನನ್ನದು ಅಂತ ಉಳಿದಿದ್ದು ಒಂದು ಸಂಶಯ. ಅದನ್ನೂ ತೆಗೆದುಕೊಂಡು, ವೇದಿಕೆಯ ಮೇಲೆ, ನನಗಿಂತ ಚೆನ್ನಾಗಿ ಹೇಳಿಬಿಟ್ಟಳು. ಅದೂ ನಾನು ಹೇಳಿದ್ದು ಅಂತ ಒಪ್ಪಿಕೊಂಡು, ಮರ್ಯಾದೆಯಾಗಿ. ನಮಗೆ ಆಗದವರು ಕೆಟ್ಟವರಾದರೂ ಆಗಿದ್ದರೆ ಎಷ್ಟು ಸುಖ.

ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಅವತ್ತು ಗೊತ್ತಾಗೋ ಹಾಗೇ ಇರಲಿಲ್ಲ. ಎರಡೂ ತಟ್ಟೇಲಿ ಒಂದೇ ಹಣ್ಣಿತ್ತು. ತೋಟದ ಗಾಡಿ ಬಂದಿರಲಿಲ್ಲ, ನಾನು ಹೇಳಲಿಲ್ಲ. ತಪ್ಪು ನನ್ನದು. ಈ ಮಕ್ಕಳದ್ದಲ್ಲ." ಹೆಡ್ಮಾಸ್ಟರು ಕೆಮ್ಮಿದರು. ಮೇಡಂ ಮುಂದುವರಿಸಿದರು. "ಅದನ್ನ ಹಿಡಿದವಳು ಒಳಗಿದ್ದಾಳೆ. ನನ್ನ ಮಗಳು. ಬಾರೇ ಇಲ್ಲಿ."

ಗೇಟಿನ ಒಳಗೆ ಅವಳ ಬಾಯಲ್ಲಿ ಮೊದಲ ಸಲ ಆ ಮಾತು ಬಂದಿತ್ತು. ನಾನು ಹೋದೆ. ಹೋಗದೆ ಇರಲು ಕಾಲುಗಳೇ ಕೇಳಲಿಲ್ಲ. ಅಮ್ಮ ನನ್ನ ಹೆಗಲ ಮೇಲೆ ಕೈ ಇಟ್ಟಳು. ಒದ್ದೆಯಾಗಿತ್ತು ಆ ಕೈ. ಅವಳ ಆಚೆ ಬದಿಯಲ್ಲಿ ಚಿಗುರು ನನ್ನನ್ನು ನೋಡಿ ನಕ್ಕಳು, ನಾನು ನಗಲಿಲ್ಲ.

"ಈಗ ಸರಿಯಾಗಿ ಮಾಡೋಣ" ಅಂದರು ಮೇಡಂ. ಪೋಷಕರನ್ನು ಸಾಲಾಗಿ ಕರೆದು, ಕಣ್ಣು ಮುಚ್ಚಿಸಿ, ಯಾವುದು ಯಾವುದೆಂದು ಹೇಳದೆ ಚಮಚದಲ್ಲಿ ತಿನ್ನಿಸಿದರು. ಒಬ್ಬೊಬ್ಬರೂ ಚೆನ್ನಾಗಿದೆ ಅಂದದ್ದು ಒಂದೇ ತಟ್ಟೆಯನ್ನು. ಗೊರಕೆರಾಯನ ತಾಯಿ ಎರಡನೇ ಚಮಚ ಕೇಳಿ ತಿಂದರು. ಕಣ್ಣು ಬಿಟ್ಟು ನೋಡಿದರೆ ಮುಂದೆ ಇದ್ದ ಚೀಟಿ "ಹತ್ತಿರ".

ಅಮ್ಮನ ಮುಖದಲ್ಲಿ ಹಾಗೆ ಬೆಳಕು ಬಂದದ್ದನ್ನು ನಾನು ನೋಡಿರಲಿಲ್ಲ. ಅವಳು ಹೆದರಿದ್ದಳು ಅಂತ ಆಗಲೇ ನನಗೆ ಗೊತ್ತಾದದ್ದು. ಇಷ್ಟು ವರ್ಷ ಹೇಳಿದ್ದು ಬರೀ ಚೀಟಿಯ ಮಹಿಮೆಯೇ ಅಂತ ಒಳಗೊಳಗೇ ಹೆದರಿದ್ದಳು. "ನೋಡಿ" ಅಂದಳು, "ಇವತ್ತು ಮೋಸ ಇಲ್ಲ. ಹೆಚ್ಚಿಟ್ಟವಳು ನನ್ನ ಮಗಳು. ಅವಳ ಹಾಗೆ ಅನುಮಾನ ಪಡೋರು ಇನ್ಯಾರೂ ಇಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಹೆಗಲನ್ನು ನಾನು ಮುಟ್ಟಬೇಕಾಗಿರಲಿಲ್ಲ, ಅದರ ಮೇಲೆ ಅಮ್ಮನ ಕೈಯಿತ್ತು. ಸುಮ್ಮನಿದ್ದರೆ ಆಗುತ್ತಿತ್ತು. ವರ್ಷವಿಡೀ ನಾನು ಕಾದದ್ದು ಇದಕ್ಕೇ, ಈ ಕೈಗೆ. ಅಮ್ಮ ಖುಷಿ, ಹೆಡ್ಮಾಸ್ಟರು ಖುಷಿ. ಸುಮ್ಮನಿದ್ದರೆ ನಾಳೆಯಿಂದ ನಾನೂ ಚಿಗುರಿನ ಹಾಗೆ, ಚೀಟಿ ನೋಡಿ ಮಣ್ಣಿನ ಘಮ ಅನ್ನುವವಳು. ಅಲ್ಲ, ಅವಳ ಹಾಗೂ ಅಲ್ಲ. ಅವಳು ಆಗಲೇ ನಿಜ ಹೇಳಿ ಮುಗಿಸಿದ್ದಳು. ಇದರಲ್ಲೂ ಅವಳಿಗೆ ಸೋಲಲೇ? ಪಶ್ಚಾತ್ತಾಪ ಅಂತ ತಿಳಿಯಬೇಡಿ, ನನ್ನ ಬಾಯಿ ತೆರೆಸಿದ್ದೂ ಹೊಟ್ಟೆಕಿಚ್ಚೇ.

"ತಟ್ಟೆ ಅದಲುಬದಲಾಗಿದೆ" ಅಂದೆ. ತಣ್ಣಗೆ ಹೇಳಬೇಕು ಅಂದುಕೊಂಡಿದ್ದ ಮಾತು ಕೀರಲಾಗಿ ಬಂತು. "ಹತ್ತಿರದ ಮುಂದೆ ಇರೋದು ದೂರದ್ದು. ನಾನೇ ಮಾಡಿದ್ದು. ಬೇಕು ಅಂತಾನೇ."

ಕೈ ಹೆಗಲಿನಿಂದ ಇಳಿಯಿತು.

ಹಿಂದಿನ ಸಾಲಿನಿಂದ ಅಪ್ಪ, "ಹಾಗಾದ್ರೆ ಗೆದ್ದಿದ್ದು ನನ್ನ ಲಾರಿ!" ಅಂದ. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. ಎರಡೂ ಚೀಟಿಗಳನ್ನು ತೆಗೆದುಕೊಂಡು, ತನ್ನ ಕೈಯಿಂದಲೇ ಅವುಗಳನ್ನು ಸರಿಯಾದ ತಟ್ಟೆಗಳ ಮುಂದೆ ಇಟ್ಟಳು. "ಇವತ್ತು ರುಚಿ ಇದ್ದದ್ದು ದೂರದ್ರಲ್ಲಿ" ಅಂದಳು, ಪಾಠ ಓದುವ ಧ್ವನಿಯಲ್ಲಿ. "ಭೂಮಿಗೆ ಯಾವುದು ಭಾರ ಅನ್ನೋದು ಬೇರೆ ಮಾತು. ಅದನ್ನ ಗಾಜಿನ ಮನೆ ಹೀಟರ್ ಸೇರಿಸಿ ನಾನು ಇನ್ನೊಂದ್ಸಲ ಓದ್ಕೋಬೇಕು. ಓದ್ಕೊಂಡು ಬಂದು ಹೇಳ್ತೀನಿ." ಆಮೇಲೆ ನನ್ನ ಕಡೆ ತಿರುಗದೆ, "ತಟ್ಟೆ ತೊಳೆದಿಡಿ. ಇಬ್ಬರೂ" ಅಂದಳು.

ಸಿಂಕಿನ ಹತ್ತಿರ ಚಿಗುರು ಒರೆಸುವ ಬಟ್ಟೆ ಹಿಡಿದು ನಿಂತಳು. "ನಾನು ಮಣ್ಣಿನ ಘಮ ಅಂತ ಹೇಳ್ಲಿ ಅಂತಾನಾ ಮಾಡಿದ್ದು?"

"ಹೂಂ."

"ಅಯ್ಯೋ, ನಿನ್ನ ಪ್ಲಾನ್ ಹಾಳು ಮಾಡ್ಬಿಟ್ಟೆ" ಅಂತ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಿಟ್ಟಾದರೂ ಮಾಡಿಕೊಳ್ಳಬಾರದೇ? ತೊಳೆದ ತಟ್ಟೆಯನ್ನು ಅವಳ ಕೈಗೆ ಹಾಗೇ ಕುಕ್ಕಿದೆ. ಅವಳು ಅದನ್ನು ಹಿಂದೆ ಮುಂದೆ ಎರಡೂ ಕಡೆ ಶುದ್ಧವಾಗಿ ಒರೆಸಿಟ್ಟಳು.

ಮನೆಗೆ ಹೋದದ್ದು ಅಪ್ಪನ ಲಾರಿಯಲ್ಲಿ. ಮುಂದಿನ ಸೀಟಿನಲ್ಲಿ ಮೂವರೂ, ಮಧ್ಯೆ ನಾನು. ಅಮ್ಮನ ತೊಡೆಯ ಮೇಲೆ ಉಳಿದ ಟೊಮೆಟೊಗಳ ಡಬ್ಬಿ, ಹತ್ತಿರದ್ದೂ ದೂರದ್ದೂ ಒಟ್ಟಿಗೆ. ಅಪ್ಪ ಏನೋ ತಮಾಷೆ ಮಾಡಲು ಬಾಯಿ ತೆರೆದು ಅಮ್ಮನ ಮುಖ ನೋಡಿ ಮುಚ್ಚಿಕೊಂಡ. ಗಾಜಿನ ಮನೆ ದಾಟಿದೆವು, ಒಳಗೆ ಎಲ್ಲ ದೀಪ ಉರಿಯುತ್ತಿದ್ದವು. ಅಮ್ಮ ಕತ್ತು ತಿರುಗಿಸಿ ಅದು ಮರೆಯಾಗುವವರೆಗೂ ನೋಡಿದಳು.

ಬೈದರೆ ಬೈಯಲಿ ಅಂತ ಕಾದೆ. ಬೈಯಲಿಲ್ಲ. ಕೊನೆಗೆ ನನಗೇ ತಡೆಯಲಾಗಲಿಲ್ಲ.

"ಅಮ್ಮ, ನಿಂಗೆ ನಾನು ಹೆಚ್ಚೋ, ಅವಳು ಹೆಚ್ಚೋ?"

ಅಮ್ಮ ರಸ್ತೆಯನ್ನೇ ನೋಡುತ್ತಿದ್ದಳು. ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸಿದಳು. ಆಮೇಲೆ ಕೈ ಚಾಚಿ, ಮತ್ತೆ ಒಳಕ್ಕೆ ಮಡಚಿಕೊಂಡಿದ್ದ ನನ್ನ ಕಾಲರನ್ನು ಎಳೆದು ಸರಿ ಮಾಡಿದಳು.

"ಈ ವರ್ಷ ನೀನು ಕೇಳಿದ್ರಲ್ಲೆಲ್ಲ ಕೆಟ್ಟ ಪ್ರಶ್ನೆ ಅಂದ್ರೆ ಇದೊಂದೇ ಕಣೇ."

ಅಪ್ಪ ಗೇರ್ ಬದಲಿಸಿದ. ಮನೆ ಬರುವವರೆಗೆ ನಾನು ಇನ್ನೇನೂ ಕೇಳಲಿಲ್ಲ.